ಎರಡು ಸಲ ಫಾಗಿಂಗ್ ಆದರೂ ಜ್ವರ ನಿಂತಿಲ್ಲ: ಎಂಟು ದಿನಕ್ಕೊಮ್ಮೆ ನೀರು ಬರುವ ಊರಲ್ಲಿ ಡೆಂಗಿ ತಡೆಯೋದು ಹೇಗೆ?

ಕೊಪ್ಪಳ_ಕಡೆಯವ ಕೇಳಿದ್ದು:

ನಮ್ಮದು ಕೊಪ್ಪಳ ಜಿಲ್ಲೆಯ ಹಳ್ಳಿ, ಸುಮಾರು 400 ಮನೆ. ನಲ್ಲಿ ನೀರು ಎಂಟು ದಿನಕ್ಕೊಮ್ಮೆ ಬರುತ್ತೆ, ಮೋಟಾರು ಸುಟ್ಟರೆ ಹತ್ತು ದಿನವೂ ಆಗುತ್ತೆ. ಹಾಗಾಗಿ ಎಲ್ಲರ ಮನೆಯಲ್ಲೂ ಬ್ಯಾರಲ್ಲು, ಸಿಮೆಂಟ್ ತೊಟ್ಟಿ, ಹಂಡೆ, ದನಕ್ಕೆ ನೀರಿಡುವ ಬಾನಿ ಯಾವಾಗಲೂ ತುಂಬಿರುತ್ತವೆ. ಮಳೆ ಹಿಡಿದ ಮೇಲೆ ಒಂದೇ ಓಣಿಯಲ್ಲಿ ಏಳೆಂಟು ಮಂದಿಗೆ ಜ್ವರ, ಮೂವರಿಗೆ ಡೆಂಗಿ ಅಂತ ಬಂದಿದೆ. ಪಂಚಾಯ್ತಿಯಿಂದ ಎರಡು ಸಲ ಫಾಗಿಂಗ್ ಆಯ್ತು, ಚರಂಡಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದೂ ಆಯ್ತು. ಜ್ವರ ಪಕ್ಕದ ಓಣಿಗೆ ದಾಟಿತೇ ಹೊರತು ನಿಲ್ಲಲಿಲ್ಲ.

ಕೇಳಬೇಕಾಗಿರೋದು ಇಷ್ಟು. ಮೂರನೇ ಸಲ ಹೊಗೆ ಹೊಡೆಸಬೇಕಾ? "ವಾರಕ್ಕೊಮ್ಮೆ ನೀರು ಖಾಲಿ ಮಾಡಿ" ಅಂದರೆ ಹೆಣ್ಣುಮಕ್ಕಳು ಬೈದು ಕಳಿಸುತ್ತಾರೆ, ಅವರದ್ದೂ ತಪ್ಪಲ್ಲ. ಅದಕ್ಕೆ ಬೇರೆ ದಾರಿ ಏನು? ಲಾರ್ವಾ ಸಮೀಕ್ಷೆ, ಅಂದರೆ ನೀರಿನ ಪಾತ್ರೆಗಳಲ್ಲಿ ಸೊಳ್ಳೆ ಮರಿ ಹುಡುಕಿ ಎಣಿಸೋದನ್ನ ಊರವರೇ ಮಾಡಬಹುದಾ? ಸಭೆ ಕರೆದರೆ ಹತ್ತು ಜನ ಬರಲ್ಲ, ತಿಳಿಸೋದು ಹೇಗೆ?

---

ಈಡಿಸ್_ಲೆಕ್ಕಿಗ:

ಮೊದಲು ಫಾಗಿಂಗ್ ವಿಷಯ ಮುಗಿಸಿಬಿಡೋಣ ಸರ್. ಬೇಡ. ಆ ಹೊಗೆ ಸಾಯಿಸೋದು ಆ ಹೊತ್ತಿಗೆ ಹಾರುತ್ತಿದ್ದು, ಔಷಧದ ಹನಿ ಮೈಗೆ ತಾಕಿದ ಸೊಳ್ಳೆಯನ್ನು ಮಾತ್ರ. ಡೆಂಗಿ ಹರಡುವ ಈಡಿಸ್ ಈಜಿಪ್ಟೈ ಸೊಳ್ಳೆ ಬೀದಿಯಲ್ಲಿ ಇರೋದೇ ಕಡಿಮೆ. ಮಂಚದಡಿ, ಗೂಟಕ್ಕೆ ತೂಗುಹಾಕಿದ ಅಂಗಿಯ ಹಿಂದೆ, ಕತ್ತಲ ಮೂಲೆಯಲ್ಲಿ ಕೂತಿರುತ್ತೆ. ಮೆಷಿನ್ ಸದ್ದು ಕೇಳಿದ ಕೂಡಲೇ ಜನ ಬಾಗಿಲು ಕಿಟಕಿ ಹಾಕಿಕೊಳ್ಳುತ್ತಾರೆ, ಸೊಳ್ಳೆ ಒಳಗೆ ಸುಖವಾಗಿರುತ್ತೆ. ನೀರಿನೊಳಗಿನ ಮರಿಗಂತೂ ಹೊಗೆಯಿಂದ ಏನೂ ಆಗಲ್ಲ, ಒಂದೆರಡು ದಿನದಲ್ಲಿ ಹೊಸ ಸೊಳ್ಳೆ ಎದ್ದು ಬರುತ್ತೆ. ಜನರಿಗೆ ಕಣ್ಣಿಗೆ ಕಾಣುವ ಕೆಲಸ ಅದೊಂದೇ ಆದ್ದರಿಂದ ಪಂಚಾಯ್ತಿಗಳು ಅದನ್ನೇ ಮಾಡುತ್ತವೆ.

ಔಷಧ ಹೊಡೆಯೋದಕ್ಕೆ ಅರ್ಥ ಬರೋದು ಮನೆಯೊಳಗೆ ಹೊಡೆದಾಗ. ಡೆಂಗಿ ಖಚಿತವಾದ ಮನೆ ಮತ್ತು ಅದರ ಸುತ್ತಲಿನ ಸುಮಾರು 50 ಮನೆಗಳ ಒಳಗೆ ಆರೋಗ್ಯ ಇಲಾಖೆಯವರು ಪೈರೆಥ್ರಮ್ ಅನ್ನೋ ಸೊಳ್ಳೆ ಔಷಧ ಹೊಡೆಯುತ್ತಾರೆ. 2% ಸಾರದ 1 ಪಾಲಿಗೆ 19 ಪಾಲು ಸೀಮೆಎಣ್ಣೆ. ಬೆರೆಸಿದ ಒಂದು ಲೀಟರು ಸುಮಾರು 20 ಮನೆಗೆ ಆಗುತ್ತೆ. ಸೀಮೆಎಣ್ಣೆ ಆದ್ದರಿಂದ ಒಲೆ, ದೀಪ ಆರಿಸಿರಬೇಕು, ಅಡುಗೆ ಮತ್ತು ಕುಡಿಯುವ ನೀರು ಮುಚ್ಚಿರಬೇಕು. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಇದನ್ನೇ ಕೇಳಿ.

ಚರಂಡಿಯ ಬ್ಲೀಚಿಂಗ್‌ಗೂ ಡೆಂಗಿಗೂ ಸಂಬಂಧ ಇಲ್ಲ. ಕೊಳಚೆಯಲ್ಲಿ ಬೆಳೆಯೋದು ಕ್ಯೂಲೆಕ್ಸ್ ಸೊಳ್ಳೆ. ರಾತ್ರಿ ಕಚ್ಚಿ ನಿದ್ದೆ ಕೆಡಿಸುತ್ತೆ, ಆನೆಕಾಲು ರೋಗ ಹರಡೋದೂ ಅದೇ, ಆದರೆ ಡೆಂಗಿ ಹರಡಲ್ಲ. ಈಡಿಸ್‌ಗೆ ಬೇಕಾಗಿರೋದು ನೀವು ಜೋಪಾನವಾಗಿ ಹಿಡಿದಿಟ್ಟ ತಿಳಿನೀರು.

ಈಗ ನಿಜವಾದ ವಿಷಯ, ನೀರಿನ ಸರದಿ. ನಮ್ಮ ಸೆಖೆಯಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗೋಕೆ 7ರಿಂದ 10 ದಿನ ಸಾಕು. ವಾರಕ್ಕೊಮ್ಮೆ ಪೂರ್ತಿ ಬರಿದಾಗಿ, ಉಜ್ಜಿಸಿಕೊಂಡು ಒಣಗುವ ಪಾತ್ರೆಯಿಂದ ಸೊಳ್ಳೆ ಏಳಲ್ಲ. ನಿಮ್ಮಲ್ಲಿ ನೀರು ಬರೋದೇ ಎಂಟನೇ ದಿನ. ಬಂದಾಗಲೂ ಯಾರೂ ಪಾತ್ರೆ ಬರಿದು ಮಾಡಲ್ಲ, ತಳದಲ್ಲಿ ಉಳಿದ ನೀರಿನ ಮೇಲೇ ಹೊಸದು ತುಂಬುತ್ತಾರೆ. ಈಡಿಸ್ ಮೊಟ್ಟೆ ಇಡೋದು ನೀರಿನಲ್ಲಲ್ಲ, ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಒದ್ದೆ ಗೋಡೆಗೆ ಅಂಟಿಸಿ. ನೀರು ಏರಿ ಮೊಟ್ಟೆ ಮುಳುಗಿದ ಕೂಡಲೇ ಮರಿ ಒಡೆಯುತ್ತೆ. ಅಂದರೆ ನೀವು ಬ್ಯಾರಲ್ ತುಂಬಿಸಿದಾಗಲೆಲ್ಲ ಒಂದು ತಂಡ ಶುರು. ಒಣಗಿದರೆ ಆ ಮೊಟ್ಟೆ ಸಾಯುತ್ತಾ ಅಂದರೆ ಅದೂ ಇಲ್ಲ, ತಿಂಗಳುಗಟ್ಟಲೆ ಒಣಗಿಕೊಂಡೇ ಬದುಕಿರುತ್ತೆ.

ಹಾಗಾಗಿ:

ಪಂಚಾಯ್ತಿ ಮೊದಲು ಮಾಡಬೇಕಾದ್ದು ನೀರಿನ ದಿನವನ್ನು ಓಣಿವಾರು ಗೊತ್ತುಮಾಡಿ, ಆರು ದಿನಕ್ಕೆ ಇಳಿಸಲು ಆಗುತ್ತಾ ನೋಡೋದು. ಬರುವ ನೀರು ಅಷ್ಟೇ ಇದ್ದರೂ ಪರವಾಗಿಲ್ಲ. ಎಂಟು ದಿನಕ್ಕೆ ಎರಡು ತಾಸು ಬಿಡೋ ಬದಲು ಆರು ದಿನಕ್ಕೆ ಒಂದೂವರೆ ತಾಸು ಬಿಡಿ. ಯಾವಾಗ ಬರುತ್ತೋ ಗೊತ್ತಿಲ್ಲ ಅನ್ನೋ ಭಯಕ್ಕೇ ಜನ ಬೇಕಾದ್ದಕ್ಕಿಂತ ಎರಡು ಬ್ಯಾರಲ್ ಹೆಚ್ಚಿಗೆ ತುಂಬಿಡೋದು. ನೀರುಗಂಟಿಯ ವೇಳಾಪಟ್ಟಿಯನ್ನು ಪಂಚಾಯ್ತಿ ಗೋಡೆ ಮೇಲೆ ಬರೆಸಿ.

"ಶುಕ್ರವಾರ ಒಣ ದಿನ" (ಪಾತ್ರೆ ಬರಿದು ಮಾಡಿ ಉಜ್ಜುವ ದಿನ) ಅಂತ ಇಡೀ ಊರಿಗೆ ಒಂದೇ ದಿನ ಸಾರಬೇಡಿ. ಆಯಾ ಓಣಿಗೆ ನೀರು ಬರುವ ದಿನ ಬೆಳಿಗ್ಗೆಯೇ ಆ ಓಣಿಯ ಒಣ ದಿನ. ಆಗ ಪಾತ್ರೆಯಲ್ಲಿ ನೀರು ತಳ ಹಿಡಿದಿರುತ್ತೆ, ಚೆಲ್ಲೋಕೆ ಸಂಕಟ ಆಗಲ್ಲ. ಉಳಿದ ನೀರನ್ನ ಬಟ್ಟೆಯಲ್ಲಿ ಸೋಸಿ ದನಕ್ಕೋ ಗಿಡಕ್ಕೋ ಹಾಕಿ. ಒಳಗೋಡೆಯನ್ನು ನಾರಿನಿಂದಲೋ ಬ್ರಷ್‌ನಿಂದಲೋ ಗಟ್ಟಿಯಾಗಿ ಉಜ್ಜಬೇಕು, ಅದರಲ್ಲೂ ನೀರಿನ ಗೆರೆ ಕಾಣುವಲ್ಲಿ ಮತ್ತು ಅದರ ಮೇಲೆ ನಾಲ್ಕು ಬೆರಳಿನಷ್ಟು. ಬರೀ ಗಲಬರಿಸಿದರೆ ಮೊಟ್ಟೆ ಬಿಡಲ್ಲ. ತೊಳೆದ ನೀರು ಒಣ ಮಣ್ಣಿಗೆ ಬೀಳಬೇಕು.

ಪ್ರತಿ ಸಲ ಉಜ್ಜೋದು ಆಗದ ಮಾತು ಅಂದರೆ ಮುಚ್ಚೋದೊಂದೇ ದಾರಿ. 200 ಲೀಟರ್ ಬ್ಯಾರಲ್ಲಿಗೆ ಹಳೇ ಧೋತರವನ್ನು ಎರಡು ಮಡಿಕೆ ಮಾಡಿ ಬಾಯಿಗೆ ಹೊದಿಸಿ, ಸೈಕಲ್ ಟ್ಯೂಬ್ ಕತ್ತರಿಸಿದ ಪಟ್ಟಿಯಿಂದ ಬಿಗಿಯಿರಿ. ಇಲ್ಲಿ ಎರಡು ತಪ್ಪು ಆಗುತ್ತೆ. ಬಟ್ಟೆ ಜೋತುಬಿದ್ದು ನೀರಿಗೆ ತಾಕಿದರೆ ಒದ್ದೆ ಬಟ್ಟೆಯ ಮೇಲೇ ಸೊಳ್ಳೆ ಮೊಟ್ಟೆ ಇಡುತ್ತೆ. ಬಾಯಿಗಿಂತ ನಾಲ್ಕು ಬೆರಳು ಕಡಿಮೆ ತುಂಬಿಸಿ. ಇನ್ನೊಂದು, ದಿನಕ್ಕೆ ಇಪ್ಪತ್ತು ಸಲ ಬಿಚ್ಚಿ ತಂಬಿಗೆ ಅದ್ದುವ ಮನೆಯಲ್ಲಿ ಮೂರನೇ ದಿನಕ್ಕೆ ಬಟ್ಟೆ ಮೂಲೆ ಸೇರಿರುತ್ತೆ. ಅದಕ್ಕೆ ಬ್ಯಾರಲ್ಲಿನ ತಳದಿಂದ ಮೂರು ಬೆರಳು ಮೇಲೆ ಅರ್ಧ ಇಂಚಿನ ನಲ್ಲಿ ಕೂರಿಸಿ, ಕೆಳಗೆ ನಾಲ್ಕು ಕಲ್ಲು ಕೊಟ್ಟು ಎತ್ತರಿಸಿ. ಮೇಲಿನ ಬಾಯಿ ನೀರು ಬಂದ ದಿನ ಮಾತ್ರ ತೆರೆದರೆ ಸಾಕು. ಈ ಒಂದು ಕೆಲಸ ಹತ್ತು ಭಾಷಣಕ್ಕಿಂತ ಮೇಲು.

---

ಚೀಟಿಸೀಮೆ:

ಸಮೀಕ್ಷೆ ಊರವರೇ ಮಾಡಬಹುದು. ಆಶಾ ಕಾರ್ಯಕರ್ತೆ ಜೊತೆಗೆ ಸ್ತ್ರೀಶಕ್ತಿ ಸಂಘದ ಒಬ್ಬರು, ಹೀಗೆ ಇಬ್ಬರ ಜೋಡಿ. ಬೇಕಾಗಿರೋದು ಒಂದು ಟಾರ್ಚು, ಒಂದು ಬಿಳಿ ತಟ್ಟೆ, ಚಹಾ ಸೋಸುವ ಜರಡಿ, ಸೀಮೆಸುಣ್ಣ, ನೋಟ್‌ಬುಕ್. ಒಂದು ಬೆಳಿಗ್ಗೆಗೆ 30ಕ್ಕಿಂತ ಹೆಚ್ಚು ಮನೆ ಹಚ್ಚಬೇಡಿ, ಹಚ್ಚಿದರೆ ನೋಡದೇ ಬರೆಯೋದು ಶುರುವಾಗುತ್ತೆ. ಬಿತ್ತನೆ, ಕಳೆ ತೆಗೆಯೋ ದಿನಗಳಲ್ಲಿ ಹತ್ತು ಗಂಟೆಗೆ ಹೋದರೆ ಬೀಗ ಎಣಿಸಿಕೊಂಡು ಬರಬೇಕಾಗುತ್ತೆ, ಏಳಕ್ಕೇ ಹೋಗಿ. ಬೀಗ ಹಾಕಿದ ಮನೆಗಳ ಪಟ್ಟಿ ಬೇರೆ ಇಟ್ಟು ಸಂಜೆ ಮತ್ತೆ ನೋಡಲೇಬೇಕು. ದುಡಿಯಲು ಗುಳೆ ಹೋದವರ ಮನೆಯ ಹಿತ್ತಲಲ್ಲಿ ತೆರೆದಿಟ್ಟ ಒಂದು ತೊಟ್ಟಿ ಇಡೀ ಓಣಿಗೆ ಸೊಳ್ಳೆ ಒದಗಿಸಬಲ್ಲದು.

ನೋಡುವ ರೀತಿ: ಪಾತ್ರೆಗೆ ಅಡ್ಡ ನಿಂತು ನೆರಳು ಬೀಳಿಸಬೇಡಿ, ಪಾತ್ರೆ ಕುಲುಕಬೇಡಿ. ಈಡಿಸ್ ಮರಿ ಬೆಳಕಿಗೆ, ಅಲುಗಾಟಕ್ಕೆ ತಳಕ್ಕೆ ಓಡುತ್ತೆ. ಅವಸರದಲ್ಲಿ ಇಣುಕಿ "ಇಲ್ಲ" ಅಂತ ಬರೆಯೋದು ಈ ಕೆಲಸದ ಸಾಮಾನ್ಯ ತಪ್ಪು. ಎರಡು ಮೂರು ನಿಮಿಷ ಕಾದರೆ ಉಸಿರಾಡೋಕೆ ಮೇಲೆ ಬಂದೇ ಬರುತ್ತೆ. ನೀರಿನ ಮೈಗೆ ಓರೆಯಾಗಿ ತಲೆಕೆಳಗಾಗಿ ನೇತಾಡಿ, ಹಾವಿನ ಹಾಗೆ ಡೊಂಕು ಹೊಡೆಯುತ್ತಾ ಇಳಿದರೆ ಈಡಿಸ್. ನೀರಿನ ಮೇಲೆ ಕಡ್ಡಿಯಂತೆ ಅಡ್ಡಡ್ಡ ಮಲಗಿದ್ದರೆ ಅನಾಫಿಲಿಸ್, ಅದು ಮಲೇರಿಯಾದ್ದು.

ಯಾವುದನ್ನೆಲ್ಲ ನೋಡಬೇಕು ಅನ್ನೋದು ಮನೆಯ ಮುಂದೆ ನಿಂತರೆ ಗೊತ್ತಾಗಲ್ಲ. ಹಿತ್ತಲ ಒರಳು, ಬಳಕೆಯಿಲ್ಲದ ಬೀಸುಕಲ್ಲಿನ ಗುಂಡಿ, ತಗಡು ಹಾರದಂತೆ ಮೇಲೆ ಹೇರಿದ ಟೈರು, ಕೋಳಿಗೆ ನೀರಿಡುವ ಬೋಗುಣಿ, ಫ್ರಿಜ್ ಹಿಂದಿನ ತಟ್ಟೆ, ಬೇಸಿಗೆ ಮುಗಿದು ಮೂಲೆಗಿಟ್ಟ ಕೂಲರ್. ನಿಮ್ಮ ಕಡೆ ಕೂಲರ್ ಜಾಸ್ತಿ. ತೊಟ್ಟಿ ಒರೆಸಿ ಒಣಗಿಸಿದರೆ ಸಾಲದು, ಹುಲ್ಲಿನ ಪ್ಯಾಡಿನಲ್ಲೂ ಮೊಟ್ಟೆ ಇರುತ್ತೆ, ಅದನ್ನು ತೆಗೆದು ಸುಟ್ಟುಬಿಡಿ. ಮನೆಯ ಪಾತ್ರೆ ಬಿಟ್ಟು ಪಂಚಾಯ್ತಿಯದ್ದೇ ಆದ ವಾಲ್ವ್ ಗುಂಡಿಗಳನ್ನೂ ನೋಡಿ, ಜನ ಮೊದಲು ಬೆರಳು ತೋರಿಸೋದು ಅಲ್ಲಿಗೇ.

ಲೆಕ್ಕ ಹೀಗೆ. ಉದಾಹರಣೆಗೆ 100 ಮನೆ ನೋಡಿದಿರಿ, ನೀರಿದ್ದ ಪಾತ್ರೆ 400, ಮರಿ ಸಿಕ್ಕ ಪಾತ್ರೆ 26, ಅವು ಇದ್ದದ್ದು 18 ಮನೆಯಲ್ಲಿ ಅಂತಿಟ್ಟುಕೊಳ್ಳಿ. ಮನೆ ಸೂಚ್ಯಂಕ 18, ಪಾತ್ರೆ ಸೂಚ್ಯಂಕ 6.5, ನೂರು ಮನೆಗೆ ಮರಿ ಸಿಕ್ಕ ಪಾತ್ರೆ ಎಷ್ಟು ಅನ್ನುವ ಬ್ರೆಟೋ ಸೂಚ್ಯಂಕ 26. ಮನೆ ಸೂಚ್ಯಂಕ 1ಕ್ಕಿಂತ, ಬ್ರೆಟೋ 5ಕ್ಕಿಂತ ಕೆಳಗಿದ್ದರೆ ಡೆಂಗಿ ಹರಡುವ ಸಂಭವ ಕಡಿಮೆ ಅಂತ ಹಿಡಿಯುತ್ತಾರೆ. ನನ್ನ ಕೇಳಿದರೆ ಊರಿಗೆ ಉಪಯೋಗ ಆಗೋದು ಇನ್ನೊಂದು ಲೆಕ್ಕ: ಆ 26ರಲ್ಲಿ ಬ್ಯಾರಲ್ ಎಷ್ಟು, ಬಾನಿ ಎಷ್ಟು, ಟೈರು ಎಷ್ಟು? ಹದಿನೇಳು ಬ್ಯಾರಲ್ಲೇ ಆಗಿದ್ದರೆ ಟೈರಿನ ಬಗ್ಗೆ ಮೈಕಿನಲ್ಲಿ ಕೂಗಿ ಪ್ರಯೋಜನ ಇಲ್ಲ. ದುಡ್ಡು ಶ್ರಮ ಎರಡೂ ಬ್ಯಾರಲ್ಲಿನ ಬಟ್ಟೆಗೆ, ನಲ್ಲಿಗೆ ಹೋಗಲಿ.

ಬರೆದದ್ದು ನಿಜವಾ ಅಂತ ನೋಡೋಕೆ, ಎರಡು ದಿನದೊಳಗೆ ಬೇರೆಯವರು ಹತ್ತರಲ್ಲಿ ಒಂದು ಮನೆಗೆ ಹೋಗಿ ಮತ್ತೆ ನೋಡಬೇಕು. ಅದಿಲ್ಲದ ಸಮೀಕ್ಷೆಯಲ್ಲಿ ಮೂರನೇ ವಾರದಿಂದ ಎಲ್ಲ ಮನೆಯೂ "ಇಲ್ಲ" ಆಗಿಬಿಡುತ್ತೆ.

ತಿಳಿಸುವ ವಿಷಯ. ಸಭೆ ಬಿಡಿ. "ಸ್ವಚ್ಛತೆ ಕಾಪಾಡಿ" ಅಂದರೆ ಜನ ಅಂಗಳ ಗುಡಿಸಿ ಆಯ್ತು ಅನ್ನುತ್ತಾರೆ, ಬ್ಯಾರಲ್ ಹಾಗೇ ಇರುತ್ತೆ. ಅವರದ್ದೇ ಬ್ಯಾರಲ್ಲಿನ ನೀರನ್ನು ಮರಿ ಸಮೇತ ಪಾರದರ್ಶಕ ಬಾಟಲಿಗೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ಅವರ ಕಟ್ಟೆಯ ಮೇಲೇ ನೆರಳಲ್ಲಿ ಇಡಿ. ಅಲ್ಪವಿರಾಮದ ಆಕಾರದ ಕೋಶ (ಮರಿ ಸೊಳ್ಳೆಯಾಗುವ ಮುಂಚಿನ ಹಂತ) ಇರುವುದನ್ನೇ ಆರಿಸಿದರೆ ಎರಡು ದಿನದಲ್ಲಿ ಕಾಲಿಗೆ ಬಿಳಿ ಪಟ್ಟೆ ಇರುವ ಸೊಳ್ಳೆ ಬಾಟಲಿಯಲ್ಲಿ ಕೂತಿರುತ್ತೆ. ಈ ನೀರಿನ ಹುಳವೇ ಸೊಳ್ಳೆ ಆಗೋದು ಅನ್ನೋದನ್ನ ಆಮೇಲೆ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಬಟ್ಟೆ ಬಿಚ್ಚದೆ ಮೇಲಿಂದ ಕುದಿನೀರು ಹುಯ್ದು ಸಾಯಿಸಿ. ಓಣಿಗೆ ಒಂದು ಬಾಟಲಿ ಸಾಕು. ಶಾಲೆಯ ಐದನೇ ಆರನೇ ತರಗತಿ ಮಕ್ಕಳಿಗೆ ಟಾರ್ಚ್ ಕೊಟ್ಟರೆ ದೊಡ್ಡವರಿಗಿಂತ ಚೆನ್ನಾಗಿ ಹುಡುಕುತ್ತಾರೆ.

ಖರ್ಚಿಗೆ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕಾಂಶ ಸಮಿತಿಯ ಮುಕ್ತ ನಿಧಿ ಇದೆ, ವರ್ಷಕ್ಕೆ 10,000 ರೂಪಾಯಿ. ಟಾರ್ಚು, ಜಾಲರಿ, ಟ್ಯೂಬ್ ಪಟ್ಟಿಗೆ ಅದು ಸಾಕು. 2024ರಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಅಧಿಸೂಚನೆ ಹೊರಡಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಹಾಕಲು ಅವಕಾಶ ಕೊಟ್ಟಿದೆ. ಎಂಟು ದಿನಕ್ಕೊಮ್ಮೆ ನೀರು ಕೊಡುವ ಊರಿನಲ್ಲಿ ಆ ಅಸ್ತ್ರ ತೆಗೆಯಬೇಡಿ ಅನ್ನೋದು ನನ್ನ ಸಲಹೆ. ಮಾರನೇ ದಿನದಿಂದ ಯಾರೂ ಬಾಗಿಲು ತೆಗೆಯಲ್ಲ.

---

ಹಾಳೆಟೋಪಿ:

ಮೇಲಿನವರು ಹೇಳಿದ್ದೆಲ್ಲ ಬಯಲುಸೀಮೆಗೆ ಸರಿ. ಮಲೆನಾಡು, ಕರಾವಳಿ ಕಡೆಯಿಂದ ಓದುತ್ತಿರುವವರಿಗೆ ಎರಡು ಮಾತು. ನಮ್ಮಲ್ಲಿ ಮನೆಯೊಳಗಿನ ಬ್ಯಾರಲ್ಲಿಗಿಂತ ತೋಟವೇ ದೊಡ್ಡ ತಲೆನೋವು. ಈಡಿಸ್ ಆಲ್ಬೋಪಿಕ್ಟಸ್ ಅನ್ನುವ ಅದರ ದಾಯಾದಿ ತೋಟದ ನೆರಳಲ್ಲೇ ಇರೋದು, ಅದೂ ಡೆಂಗಿ, ಚಿಕೂನ್‌ಗುನ್ಯಾ ಹರಡುತ್ತೆ.

ಬಿದ್ದ ಅಡಿಕೆ ಹಾಳೆ ಅಂಗಾತ ಬಿದ್ದರೆ ಒಂದು ಮಳೆಗೆ ತುಂಬುತ್ತೆ, ಮಳೆಗಾಲದಲ್ಲಿ ಆರಲ್ಲ. ವಾರಕ್ಕೊಮ್ಮೆ ಹೆಕ್ಕಿ, ದನಕ್ಕೆ ಬೇಡದ್ದನ್ನು ಉದ್ದಕ್ಕೆ ಸೀಳಿ ಬುಡಕ್ಕೆ ಹಾಕಿ. ಸೀಳದೆ ರಾಶಿ ಒಟ್ಟಿದರೆ ನಡುವಿನ ಪದರದಲ್ಲೂ ನೀರು ನಿಲ್ಲುತ್ತೆ. ಕೋಕೋ ಒಡೆದ ಓಡು, ತೆಂಗಿನ ಗೆರಟೆ, ಕುಡಿದು ಬಿಸಾಡಿದ ಬೊಂಡ, ಕೊಳೆರೋಗಕ್ಕೆ ಅಂತ ಅಡಿಕೆ ಗೊನೆಗೆ ಕಟ್ಟಿ ತೆಗೆದ ಪ್ಲಾಸ್ಟಿಕ್ ಕೊಟ್ಟೆ, ಔಷಧ ಕಲಸಿದ ಡ್ರಮ್ಮು, ಎಲ್ಲ ಅದೇ ಕಥೆ. ರಬ್ಬರ್ ಇರುವವರು ಮಳೆಗಾಲದಲ್ಲಿ ಟ್ಯಾಪಿಂಗ್ ನಿಲ್ಲಿಸಿದಾಗ ಮರದ ಕಪ್ಪನ್ನು ಬರೀ ಓರೆ ಮಾಡಿ ಬಿಡುತ್ತಾರೆ. ಓರೆ ಸಾಲದು, ಪೂರ್ತಿ ಕವುಚಬೇಕು ಅಥವಾ ತೆಗೆದಿಡಬೇಕು. ಕೆಲಸದವರೊಂದಿಗೆ ಮೊದಲೇ ಮಾತಾಡಿ ಕೂಲಿಯಲ್ಲೇ ಸೇರಿಸಿಬಿಡಿ, ಇಲ್ಲದಿದ್ದರೆ ಯಾರೂ ಮಾಡಲ್ಲ. ಅಂಗಳದ ಟಾರ್ಪಾಲಿನ ಮಡಿಕೆಯನ್ನೂ ನೋಡಿಕೊಳ್ಳಿ.

---

ಕೊಪ್ಪಳ_ಕಡೆಯವ:

ಎಲ್ಲರಿಗೂ ಥ್ಯಾಂಕ್ಸ್. ವೇಳಾಪಟ್ಟಿ ವಿಷಯ ಪಿಡಿಒ ಜೊತೆ ಮಾತಾಡುತ್ತೇನೆ. ಇನ್ನೆರಡು ಸಂಶಯ. ಗುಡಿ ಮುಂದಿನ ದೊಡ್ಡ ತೊಟ್ಟಿ, ದನದ ಕಲ್ಲುಬಾನಿ ಖಾಲಿ ಮಾಡೋಕಾಗಲ್ಲ. ಅದಕ್ಕೆ ಟೆಮಿಫಾಸ್ ಅನ್ನೋ, ಸೊಳ್ಳೆ ಮರಿ ಕೊಲ್ಲುವ ಔಷಧ ಹಾಕಿದ್ದರು, ಮರುದಿನವೂ ಹುಳ ಓಡಾಡುತ್ತಿತ್ತು, ಔಷಧ ಸುಳ್ಳು ಅಂತ ಜನ ನಗುತ್ತಿದ್ದಾರೆ. ಎರಡನೇದು, ಜ್ವರ ಬಂದವರು ಊರಲ್ಲೇ ಸೂಜಿ ಹಾಕಿಸಿಕೊಳ್ಳುತ್ತಾರೆ. ಯಾವಾಗ ದೊಡ್ಡಾಸ್ಪತ್ರೆಗೆ ಕಳಿಸಬೇಕು?

---

ಈಡಿಸ್_ಲೆಕ್ಕಿಗ:

ಓಡಾಡುತ್ತಿದ್ದದ್ದು ಕೋಶ ಆಗಿರಬೇಕು. ಟೆಮಿಫಾಸ್ ಮರಿಯನ್ನು ಕೊಲ್ಲುತ್ತೆ. ಕೋಶ ಏನೂ ತಿನ್ನಲ್ಲ, ಅದಕ್ಕೆ ಆ ಔಷಧ ನಾಟಲ್ಲ. ಅದಿನ್ನೆರಡು ದಿನದಲ್ಲಿ ಸೊಳ್ಳೆಯಾಗಿ ಹಾರುತ್ತೆ. ಔಷಧ ಹಾಕುವ ಮೊದಲು ಜರಡಿಯಿಂದಲೋ ಬಟ್ಟೆಯಿಂದಲೋ ಕೋಶಗಳನ್ನು ಬಾಚಿ ತೆಗೆದು ಮಣ್ಣಿಗೆ ಹಾಕಬೇಕು.

ಇಲ್ಲವಾದರೆ ಪ್ರಮಾಣ ತಪ್ಪಿರಬಹುದು. ಮಿತಿ ಒಂದು ಲೀಟರ್ ನೀರಿಗೆ 1 ಮಿಲಿಗ್ರಾಂ. 50% ದ್ರಾವಣವಾದರೆ 1,000 ಲೀಟರಿಗೆ ಬರೀ 2 ಮಿಲಿ. ಬ್ಯಾರಲ್ಲಿಗೆ ಅಳೆಯೋದು ಕಷ್ಟ ಅಂತ ಅಂದಾಜಿನಲ್ಲಿ ಸುರಿಯುತ್ತಾರೆ, ವಾಸನೆ ಬಂದು ಜನ ಚೆಲ್ಲುತ್ತಾರೆ. ಹೀಗೆ ಮಾಡಲಿ: ಆ 50% ದ್ರಾವಣದ 10 ಮಿಲಿ ತೆಗೆದು ಒಂದು ಲೀಟರ್ ನೀರಿಗೆ ಬೆರೆಸಿ, ಆ ಬೆರಕೆಯಿಂದ 200 ಲೀಟರ್ ಬ್ಯಾರಲ್ಲಿಗೆ 40 ಮಿಲಿ, 1,000 ಲೀಟರ್ ತೊಟ್ಟಿಗೆ 200 ಮಿಲಿ. ಅಳೆಯುವಾಗ ತೊಟ್ಟಿಯ ಅಳತೆಯಲ್ಲ, ಅದರಲ್ಲಿರುವ ನೀರಿನ ಅಳತೆ. ಅಡಿಯಲ್ಲಿ ಉದ್ದ, ಅಗಲ, ನೀರಿನ ಆಳ ಗುಣಿಸಿ 28ರಿಂದ ಗುಣಿಸಿದರೆ ಲೀಟರ್ ಸಿಗುತ್ತೆ. ಈ ಕೆಲಸ ಇಲಾಖೆಯ ಸಿಬ್ಬಂದಿಯೇ ಕೈಗವಸು ಹಾಕಿ ಮಾಡಲಿ, ಬಾಟಲಿ ಮನೆಗಳಿಗೆ ಹಂಚಬೇಡಿ. ವಾರವಾರ ಉಜ್ಜುವ ಪಾತ್ರೆಗೆ ಔಷಧ ಬೇಕೇ ಇಲ್ಲ.

ಬಾನಿಗೆ, ಗುಡಿ ತೊಟ್ಟಿಗೆ ಸೊಳ್ಳೆ ಮರಿ ತಿನ್ನುವ ಗಪ್ಪಿ ಮೀನು ಇನ್ನೂ ಒಳ್ಳೇದು. ನೀರಿನ ಮೇಲ್ಮೈಯ ಒಂದು ಚದರ ಮೀಟರಿಗೆ 5ರಿಂದ 10 ಮೀನು ಸಾಕು, ಮರಿ ಹಾಕಿ ತಾವೇ ಹೆಚ್ಚುತ್ತವೆ. ಸಾಯೋದು ಎರಡು ಕಾರಣಕ್ಕೆ: ಯಾರೋ ತೊಟ್ಟಿಗೆ ಬ್ಲೀಚಿಂಗ್ ಹಾಕುತ್ತಾರೆ, ಇಲ್ಲವೇ ತೊಳೆಯುವ ದಿನ ಮೀನನ್ನು ಕೊಡಕ್ಕೆ ತೆಗೆದಿಡದೆ ಚೆಲ್ಲಿಬಿಡುತ್ತಾರೆ. ತೊಟ್ಟಿ ಪಕ್ಕ "ಮೀನಿದೆ" ಅಂತ ಬಣ್ಣದಲ್ಲಿ ಬರೆಸಿ. ಕೆರೆಗೆ ಮಾತ್ರ ಬಿಡಬೇಡಿ, ಹೊರಗಿನ ಮೀನು ಸ್ಥಳೀಯ ಮೀನಿನ ಮೊಟ್ಟೆ ಮರಿ ತಿನ್ನುತ್ತೆ.

---

ಡಾ_ತಾಲ್ಲೂಕು:

ಜ್ವರದ ಬಗ್ಗೆ. ಡೆಂಗಿಗೆ ನೇರ ಔಷಧ ಇಲ್ಲ. ಪ್ಯಾರಸಿಟಮಾಲ್, ವಿಶ್ರಾಂತಿ, ಆಗಾಗ ಓಆರ್‌ಎಸ್, ಗಂಜಿ, ಎಳನೀರು. ಊರಲ್ಲಿ ಮೈಕೈ ನೋವಿಗೆ ಅಂತ ಹಾಕುವ ಸೂಜಿ ಬಹುತೇಕ ಡೈಕ್ಲೋಫೆನಾಕ್. ಅದು, ಬ್ರೂಫೆನ್, ಆಸ್ಪಿರಿನ್ ಮೂರೂ ರಕ್ತಸ್ರಾವ ಹೆಚ್ಚಿಸಬಲ್ಲವು. ಇದನ್ನು ಮೆಡಿಕಲ್ ಶಾಪಿನವರಿಗೂ ಕೂರಿಸಿ ಹೇಳಿ.

ಪರೀಕ್ಷೆಗೂ ದಿನದ ಲೆಕ್ಕ ಇದೆ. ಜ್ವರದ ಮೊದಲ ಐದು ದಿನ ವೈರಸ್‌ನದ್ದೇ ಅಂಶ ಹುಡುಕುವ ಎನ್‌ಎಸ್1, ಆಮೇಲೆ ವೈರಸ್ ವಿರುದ್ಧ ಮೈ ತಯಾರಿಸಿದ ಪ್ರತಿಕಾಯ ಹುಡುಕುವ ಐಜಿಎಂ. ಎಂಟನೇ ದಿನ ಎನ್‌ಎಸ್1 ಮಾಡಿಸಿ "ಡೆಂಗಿ ಇಲ್ಲ" ಅಂತ ನೆಮ್ಮದಿಯಾಗಬೇಡಿ. ಕಾರ್ಡ್ ಟೆಸ್ಟ್ ಸುಳಿವು ಅಷ್ಟೇ, ಲ್ಯಾಬಿನಲ್ಲಿ ಮಾಡುವ ಎಲೈಸಾ ಪರೀಕ್ಷೆಯಲ್ಲಿ ಬಂದದ್ದನ್ನೇ ಇಲಾಖೆ ಖಚಿತ ಅನ್ನುತ್ತೆ.

ಜನ ಮೋಸ ಹೋಗುವ ಜಾಗ ಬೇರೆ. ಮೂರರಿಂದ ಏಳನೇ ದಿನದೊಳಗೆ ಜ್ವರ ಇಳಿಯುತ್ತೆ, ಹುಷಾರಾಯ್ತು ಅಂತ ಹೊಲಕ್ಕೆ ಹೋಗುತ್ತಾರೆ. ಅಪಾಯ ಇರೋದೇ ಜ್ವರ ಇಳಿದ ಆ 24ರಿಂದ 48 ತಾಸಿನಲ್ಲಿ, ರಕ್ತನಾಳದಿಂದ ದ್ರವ ಹೊರಗೆ ಸೋರುವ ಹೊತ್ತು ಅದು. ಬಿಡದ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ಒಸಡು ಮೂಗಿನಲ್ಲಿ ರಕ್ತ, ಕಪ್ಪು ಮಲ, ಕೈಕಾಲು ತಣ್ಣಗಾಗೋದು, ಮಂಕು, ಆರು ತಾಸಿನಿಂದ ಮೂತ್ರ ಇಲ್ಲ: ಇವುಗಳಲ್ಲಿ ಒಂದಿದ್ದರೂ ಅದೇ ರಾತ್ರಿ 108ಕ್ಕೆ ಕರೆ ಮಾಡಿ. ಗರ್ಭಿಣಿ, ಕೂಸು, ಸಕ್ಕರೆ ಕಾಯಿಲೆಯವರನ್ನು ಲಕ್ಷಣಕ್ಕೆ ಕಾಯದೆ ಮೊದಲೇ ತೋರಿಸಿ.

ಪ್ಲೇಟ್ಲೆಟ್ ಸಂಖ್ಯೆಗೆ ಊರೆಲ್ಲ ಹೆದರುತ್ತೆ. ಅದೊಂದೇ ಅಳತೆಯಲ್ಲ. ರಕ್ತ ಗಟ್ಟಿಯಾಗುತ್ತಿದೆಯಾ ಅನ್ನೋದನ್ನು ತೋರಿಸುವ ಹಿಮ್ಯಾಟೊಕ್ರಿಟ್ ಏರುತ್ತಿದ್ದರೆ ಅದು ಹೆಚ್ಚು ಗಂಭೀರ. ಪಪ್ಪಾಯಿ ಎಲೆ ರಸ ಕುಡಿಸಿ ವಾಂತಿ ಮಾಡಿಸೋದಕ್ಕಿಂತ ಅಷ್ಟೇ ಓಆರ್‌ಎಸ್ ಕುಡಿಸಿ.

ಕೊನೆಗೆ, ಯಾರೂ ಬರೆಯದ ಒಂದು ವಿಷಯ. ಜ್ವರದ ಮೊದಲ ಐದು ದಿನ ರೋಗಿಯ ರಕ್ತದಲ್ಲಿ ವೈರಸ್ ಇರುತ್ತೆ. ಆಗ ಕಚ್ಚಿದ ಸೊಳ್ಳೆ 8ರಿಂದ 12 ದಿನ ಕಳೆದ ಮೇಲೆ ಬೇರೆಯವರಿಗೆ ಅಂಟಿಸಲು ಶುರುಮಾಡುತ್ತೆ, ಬದುಕಿರುವ ತನಕ ಅಂಟಿಸುತ್ತೆ. ಈಡಿಸ್ ಕಚ್ಚೋದು ಹಗಲು, ಅದರಲ್ಲೂ ಬೆಳಿಗ್ಗೆ ಮತ್ತು ಹೊತ್ತು ಮುಳುಗುವ ಮುಂಚೆ. ನಮ್ಮವರು ಸೊಳ್ಳೆಪರದೆ ಕಟ್ಟೋದು ರಾತ್ರಿ. ಜ್ವರದವರು ಹಗಲಿಡೀ ಪಡಸಾಲೆಯಲ್ಲಿ ಮಲಗಿರುತ್ತಾರೆ, ನೋಡಲು ಬಂದವರೆಲ್ಲ ಪಕ್ಕದಲ್ಲೇ ಕೂರುತ್ತಾರೆ. ರೋಗಿಗೆ ಹಗಲೂ ಪರದೆ ಕಟ್ಟಿಸಿ. ಆಶಾ ಹತ್ತಿರ ಎರಡು ಮೂರು ಪರದೆ ಇಟ್ಟು, ಜ್ವರದ ಮನೆಗೆ ಕೊಟ್ಟು ವಾಸಿಯಾದ ಮೇಲೆ ವಾಪಸ್ ತರಿಸಿಕೊಳ್ಳುವ ಏರ್ಪಾಡು ಮಾಡಬಹುದು. ಅಂಗನವಾಡಿಯಲ್ಲಿ ಮಧ್ಯಾಹ್ನ ಮಲಗುವ ಮಕ್ಕಳಿಗೂ ಒಂದು ದೊಡ್ಡ ಪರದೆ ಬೇಕು.